ಮೊದಲ ಬ್ಲಾಗ್‌ಗೆ ಹೋಸ್ಟಿಂಗ್: ತಿಂಗಳಿಗೆ 69 ಅಂದವರು ಕೊನೆಗೆ 3,908 ಕೇಳುತ್ತಿದ್ದಾರೆ

ಅಚ್ಚುಬೆಲ್ಲ (ಮಂಡ್ಯ):

ಎಲ್ಲರಿಗೂ ನಮಸ್ಕಾರ. ನಮ್ಮದು ಪಾಂಡವಪುರದ ಕಡೆ ಹಳ್ಳಿ. ಅಪ್ಪ ಆಲೆಮನೆ ನಡೆಸುತ್ತಾರೆ, ನಾನು ಮಂಡ್ಯದಲ್ಲಿ ಕೆಲಸಕ್ಕಿದ್ದೇನೆ. ಬೆಲ್ಲದ ಬಗ್ಗೆ ಕನ್ನಡದಲ್ಲಿ ಒಂದು ಬ್ಲಾಗ್ ಮಾಡಬೇಕು ಅಂತ ಬಹಳ ದಿನದ ಆಸೆ. ಕೊಪ್ಪರಿಗೆಯಿಂದ ಪಾಕ ಯಾವಾಗ ಇಳಿಸಬೇಕು, ಬೆಂಡೆ ಗಿಡದ ಲೋಳೆ ಯಾಕೆ ಹಾಕುತ್ತಾರೆ, ಬೆಲ್ಲ ಬಿಳಿಚಿಕೊಂಡಿದ್ದರೆ ಯಾಕೆ ಅನುಮಾನ ಪಡಬೇಕು, ಇಂಥವು. ಫೋನಲ್ಲಿ ತೆಗೆದ ಫೋಟೋ ಒಂದು 200 ಇವೆ.

ಒಂದು ಕಂಪನಿಯ ಜಾಹೀರಾತಲ್ಲಿ ಹೋಸ್ಟಿಂಗ್ ತಿಂಗಳಿಗೆ 69 ರೂಪಾಯಿ ಅಂತಿತ್ತು. ವರ್ಷಕ್ಕೆ 828 ಅಲ್ವಾ, ನನ್ನ ಬಜೆಟ್ 1,500ರ ಒಳಗೇ ಬಂತು ಅಂತ ಕಾರ್ಡ್ ಹಿಡಿದು ಕೂತೆ. ಕೊನೆಯ ಪುಟದಲ್ಲಿ ನೋಡಿದರೆ 3,908! ಎಲ್ಲೋ ತಪ್ಪು ಒತ್ತಿದೆ ಅಂತ ಮೂರು ಸಲ ಮೊದಲಿಂದ ಮಾಡಿದೆ, ಮೂರು ಸಲವೂ ಅಷ್ಟೇ ಬಂತು. ದುಡ್ಡು ಇನ್ನೂ ಕಟ್ಟಿಲ್ಲ. ಇದೇನು ಲೆಕ್ಕ? ಇದಕ್ಕಿಂತ ಕಡಿಮೆಗೆ ಎಲ್ಲಿ ಸಿಗುತ್ತದೆ?

ಕುಕ್ಕರಹಳ್ಳಿ ವಾಕರ್ (ಮೈಸೂರು):

ಕಟ್ಟಿಲ್ಲ ತಾನೆ? ಒಳ್ಳೇದಾಯ್ತು. ಆ ಪುಟ ಮುಚ್ಚಿಬಿಡಿ.

ಲೆಕ್ಕದಲ್ಲಿ ತಪ್ಪಿಲ್ಲ. 69 ಅನ್ನೋದು ನಾಲ್ಕು ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಮಾತ್ರ ಸಿಗುವ ರೇಟು. 69ನ್ನು 48 ತಿಂಗಳಿಂದ ಗುಣಿಸಿದರೆ 3,312. ಅದಕ್ಕೆ 18% ಜಿಎಸ್‌ಟಿ 596. ಸೇರಿಸಿದರೆ ನಿಮ್ಮ 3,908. ಅದೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ‘ನಂತರ ರಿನ್ಯೂವಲ್ ಇಷ್ಟು’ ಅಂತ ಇನ್ನೊಂದು ಅಂಕಿ ಇರುತ್ತದೆ. ಅದೆಷ್ಟು ಅಂತ ನೋಡಿ ಹೇಳಿ. ಹೋಸ್ಟಿಂಗ್‌ನ ನಿಜವಾದ ಬೆಲೆ ಅದೇ. ಮೊದಲ ಸಲದ್ದು ಹಬ್ಬದ ಡಿಸ್ಕೌಂಟ್ ಇದ್ದ ಹಾಗೆ.

ಇನ್ನೊಂದು ಕೇಳಬೇಕು. ಇಲ್ಲಿಯವರೆಗೆ ಎಷ್ಟು ಬರಹ ಬರೆದಿದ್ದೀರಿ?

ಅಚ್ಚುಬೆಲ್ಲ:

ಸಿಕ್ತು ಸರ್. ತಿಂಗಳಿಗೆ 249 ಅಂತಿದೆ. ಅಂದರೆ ವರ್ಷಕ್ಕೆ ಜಿಎಸ್‌ಟಿ ಸೇರಿ 3,500 ದಾಟುತ್ತದೆ. ಅಯ್ಯೋ.

ಬರಹ ಎರಡು. ಮೂರನೆಯದು ಅರ್ಧ ಆಗಿದೆ.

ಕುಕ್ಕರಹಳ್ಳಿ ವಾಕರ್:

ಎರಡೂವರೆ ಬರಹಕ್ಕೆ ನಾಲ್ಕು ವರ್ಷದ ಬಾಡಿಗೆ ಮುಂಗಡ ಕೊಡಲು ಹೊರಟಿದ್ದಿರಿ! ಬೇಜಾರು ಮಾಡಿಕೊಳ್ಳಬೇಡಿ, ನಾನೂ ಒಂದು ಕಾಲದಲ್ಲಿ ಇದನ್ನೇ ಮಾಡಿದವನು. ಮೂರು ವರ್ಷದ ಪ್ಲಾನ್ ತೆಗೆದುಕೊಂಡು ಒಟ್ಟು ಹನ್ನೊಂದು ಬರಹ ಹಾಕಿದೆ.

ನಿಮಗೆ ಬೇಕಾಗಿರುವುದು ಎರಡು ಬೇರೆ ಬೇರೆ ವಸ್ತು. ಡೊಮೇನ್ ಅಂದರೆ ಹೆಸರು, ಅಂಗಡಿಯ ಬೋರ್ಡ್ ಇದ್ದ ಹಾಗೆ. ಹೋಸ್ಟಿಂಗ್ ಅಂದರೆ ಸಾಮಾನು ಇಡುವ ಮಳಿಗೆ. ಬೋರ್ಡಿಗೆ ದುಡ್ಡು ಕೊಡಿ. ಮಳಿಗೆ ಸದ್ಯಕ್ಕೆ ಪುಕ್ಕಟೆ ಸಿಗುತ್ತದೆ. ಬ್ಲಾಗರ್ ಅನ್ನುವ ಉಚಿತ ಬ್ಲಾಗ್ ತಾಣ 1999ರಿಂದ ಇದೆ, 2003ರಲ್ಲಿ ಗೂಗಲ್ ಕೊಂಡುಕೊಂಡಿತು. ಅದರಲ್ಲಿ ನಮ್ಮದೇ ಡೊಮೇನ್ ಜೋಡಿಸಲು ಒಂದು ಪೈಸೆಯೂ ಕೊಡಬೇಕಿಲ್ಲ. ವರ್ಡ್‌ಪ್ರೆಸ್ ಡಾಟ್ ಕಾಮ್‌ನಲ್ಲೂ ಉಚಿತ ಖಾತೆ ಇದೆ, ಆದರೆ ಅಲ್ಲಿ ಸ್ವಂತ ಡೊಮೇನ್ ಜೋಡಿಸಬೇಕು ಅಂದರೆ ದುಡ್ಡಿನ ಪ್ಲಾನ್‌ಗೆ ಹೋಗಬೇಕು, ಉಚಿತದಲ್ಲಿ ಅವರ ಜಾಹೀರಾತೂ ಬರುತ್ತದೆ.

ಡಾಟ್ ಇನ್ ಹೆಸರು ಒಂದು ತೆಗೆದುಕೊಳ್ಳಿ. ಮೊದಲ ವರ್ಷದ ಬೆಲೆ ನೋಡಿ ಮರುಳಾಗಬೇಡಿ, ಅಲ್ಲೂ ರಿನ್ಯೂವಲ್ ಬೆಲೆಯನ್ನೇ ನೋಡಿ. ನಾನು ಕಳೆದ ಸಲ ಕಟ್ಟಿದ್ದು 900ರ ಹತ್ತಿರ. ಚೆಕ್‌ಔಟ್‌ನಲ್ಲಿ ಇಮೇಲ್, ಎಸ್‌ಎಸ್‌ಎಲ್ (ತಾಣದ ಸಂಪರ್ಕವನ್ನು ಸುರಕ್ಷಿತ ಮಾಡುವ ಪ್ರಮಾಣಪತ್ರ), ಬ್ಯಾಕಪ್ ಅಂತ ತಾವಾಗೇ ಟಿಕ್ ಆಗಿರುತ್ತವೆ. ಎಲ್ಲ ತೆಗೆಯಿರಿ. ಎಸ್‌ಎಸ್‌ಎಲ್‌ಗೆ ದುಡ್ಡು ಕೇಳಿದರೆ ನಗಬೇಕು. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ 2015ರಿಂದ ಪುಕ್ಕಟೆ ಕೊಡುತ್ತಿದೆ, ಬ್ಲಾಗರ್‌ನಲ್ಲಿ ಅದು ಸೇರಿಯೇ ಬರುತ್ತದೆ.

ರಾಗಿಮುದ್ದೆ ಕೋಡರ್ (ಮೈಸೂರು):

ವಾಕರ್ ಸರ್ ಮಾತಿಗೆ ಅರ್ಧ ಒಪ್ಪಿಗೆ. ಗೂಗಲ್ ರೀಡರ್ 2013ರಲ್ಲಿ ಮುಚ್ಚಿತು. ಗೂಗಲ್ ಪ್ಲಸ್ 2019ರಲ್ಲಿ ಹೋಯ್ತು. ನಾಳೆ ಬ್ಲಾಗರ್ ಮುಚ್ಚಿದರೆ? ಬಾಡಿಗೆ ಹೋಸ್ಟಿಂಗ್‌ನಲ್ಲಿ ವರ್ಡ್‌ಪ್ರೆಸ್ ಸಾಫ್ಟ್‌ವೇರ್ ನಾವೇ ಹಾಕಿಕೊಂಡರೆ ಯಾರ ಹಂಗೂ ಇರಲ್ಲ. ಥೀಮ್, ಪ್ಲಗಿನ್ ಎಲ್ಲ ನಮ್ಮಿಷ್ಟ. ಬೇಕಿದ್ದರೆ ತಿಂಗಳ ಲೆಕ್ಕದಲ್ಲಿ ಕಟ್ಟುವ ಹೋಸ್ಟಿಂಗ್ ನೋಡಿ, ಸ್ವಲ್ಪ ಜಾಸ್ತಿ ಆದರೂ ಬೇಡ ಅನ್ನಿಸಿದ ದಿನ ಬಿಡಬಹುದು. ಸರ್ವರ್ ಮುಂಬೈಯಲ್ಲೋ ಬೆಂಗಳೂರಲ್ಲೋ ಇದೆಯಾ ಕೇಳಿ, ಅಮೆರಿಕದ್ದಾದರೆ ಇಲ್ಲಿಯವರಿಗೆ ಪುಟ ತೆರೆಯೋದು ನಿಧಾನ.

ಅನ್‌ಲಿಮಿಟೆಡ್ ಅಂತ ಬರೆದಿರುವುದನ್ನು ಮಾತ್ರ ನಂಬಬೇಡಿ. ಜಾಗಕ್ಕೆ ಮಿತಿ ಇರಲ್ಲ, ಆದರೆ ಫೈಲ್‌ಗಳ ಸಂಖ್ಯೆಗೆ ಇರುತ್ತದೆ. ಫೋನಿನ ಒಂದು ದೊಡ್ಡ ಫೋಟೋ ಹಾಕಿದರೆ ವರ್ಡ್‌ಪ್ರೆಸ್ ಅದರ ಚಿಕ್ಕ ದೊಡ್ಡ ಪ್ರತಿಗಳನ್ನು ತಾನೇ ಮಾಡಿ ಏಳೆಂಟು ಫೈಲ್ ಇಡುತ್ತದೆ. ನಿಮ್ಮ 200 ಫೋಟೋ ಅಲ್ಲಿ ಸುಮಾರು 1,500 ಫೈಲ್.

ಕುಕ್ಕರಹಳ್ಳಿ ವಾಕರ್:

ಮುಚ್ಚಿದರೆ ಅನ್ನೋ ಭಯ ಸರಿಯೇ. ಅದಕ್ಕೇ ಡೊಮೇನ್ ಸ್ವಂತದ್ದಿರಲಿ ಅಂದದ್ದು. ಬ್ಲಾಗರ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ತೆಗೆದುಕೊಂಡರೆ ಬರಹವೆಲ್ಲ ಫೈಲ್ ಆಗಿ ಸಿಗುತ್ತದೆ. ಅದನ್ನು ವರ್ಡ್‌ಪ್ರೆಸ್‌ಗೆ ತುಂಬಿ, ಡೊಮೇನನ್ನು ಆ ಕಡೆ ತಿರುಗಿಸಿದರಾಯ್ತು. ಓದುವವರಿಗೆ ಹೆಸರು ಅದೇ.

ಆದರೆ ವರ್ಡ್‌ಪ್ರೆಸ್ ಅಂದರೆ ಹಸು ಸಾಕಿದ ಹಾಗೆ ತಮ್ಮಾ. ದಿನಾ ನೋಡಬೇಕು. ಅಪ್‌ಡೇಟ್ ಮಾಡದೆ ಆರು ತಿಂಗಳು ಬಿಟ್ಟರೆ ಯಾವನೋ ನುಗ್ಗಿ ಔಷಧಿ ಜಾಹೀರಾತು ಅಂಟಿಸಿ ಹೋಗಿರುತ್ತಾನೆ. ಬೆಳಿಗ್ಗೆ ಕೆಲಸ, ಸಂಜೆ ಆಲೆಮನೆ ಇರುವವರಿಗೆ ಅದು ಬೇಕಾ?

ಪುಳಿಯೋಗರೆ ಗೊಜ್ಜು (ಮೇಲುಕೋಟೆ):

ಹೋಸ್ಟಿಂಗ್ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ, ಡೊಮೇನ್ ವಿಷಯದಲ್ಲಿ ಪೆಟ್ಟು ತಿಂದಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಅಡುಗೆ ಬ್ಲಾಗ್‌ಗೆ ಪರಿಚಯದ ಒಬ್ಬ ಹುಡುಗ ‘ಅಕ್ಕಾ ನಾನು ಮಾಡಿಕೊಡ್ತೀನಿ’ ಅಂತ ಎಲ್ಲ ಮಾಡಿಕೊಟ್ಟ. ಒಳ್ಳೆಯ ಹುಡುಗನೇ. ಆದರೆ ಡೊಮೇನ್ ತೆಗೆದದ್ದು ಅವನ ಇಮೇಲ್‌ನಲ್ಲಿ, ಅವನ ಹೆಸರಲ್ಲಿ. ಎರಡು ವರ್ಷ ಆದ ಮೇಲೆ ಅವನು ಕೆಲಸ ಸಿಕ್ಕಿ ಹೊರದೇಶಕ್ಕೆ ಹೋದ, ಫೋನ್ ನಂಬರ್ ಬದಲಾಯ್ತು. ರಿನ್ಯೂ ಮಾಡಿ ಅಂತ ಬಂದ ಮೇಲ್‌ಗಳೆಲ್ಲ ಅವನ ಹಳೇ ಇನ್‌ಬಾಕ್ಸ್‌ಗೆ. ಒಂದು ದಿನ ನನ್ನ ಪುಳಿಯೋಗರೆ ಬರಹ ತೆರೆದರೆ ‘ಈ ಡೊಮೇನ್ ಮಾರಾಟಕ್ಕಿದೆ’ ಅಂತ ಬಂತು! ಕಂಪನಿಗೆ ಫೋನ್ ಮಾಡಿದರೆ ‘ಮೇಡಂ, ನಮ್ಮ ರೆಕಾರ್ಡ್‌ನಲ್ಲಿ ಮಾಲೀಕರು ನೀವಲ್ಲ’ ಅಂದರು. ಅವರ ಮಾತೂ ನಿಜವೇ. ಹೊಸ ಹೆಸರಲ್ಲಿ ಮೊದಲಿಂದ ಶುರು ಮಾಡಿದೆ.

ಯಾರೇ ಸಹಾಯ ಮಾಡಲಿ, ಖಾತೆ ನಿಮ್ಮ ಇಮೇಲ್, ನಿಮ್ಮ ಫೋನ್ ನಂಬರ್‌ನಲ್ಲೇ ಇರಲಿ. ನಿಮ್ಮೆದುರಿಗೇ ಮಾಡಿಸಿ.

ಅಚ್ಚುಬೆಲ್ಲ:

ಅಕ್ಕಾ, ಈ ಕತೆ ಕೇಳಿ ಎದೆ ಝಲ್ ಅಂತು. ನನ್ನ ಹೆಸರಲ್ಲೇ ಡೊಮೇನ್ ತೆಗೆದುಕೊಂಡೆ, ಒಂದು ವರ್ಷಕ್ಕೆ ಮಾತ್ರ. ಎಲ್ಲ ಟಿಕ್ ತೆಗೆದೆ. ಬ್ಲಾಗರ್‌ನಲ್ಲಿ ಬ್ಲಾಗ್ ಕೂಡ ಆಯ್ತು.

ಈಗ ಹೊಸ ತಲೆನೋವು. ಡೊಮೇನ್ ಜೋಡಿಸಲು ಹೋದರೆ ‘ಈ ಡೊಮೇನ್ ಮೇಲೆ ನಿಮ್ಮ ಅಧಿಕಾರ ಖಚಿತವಾಗಲಿಲ್ಲ’ ಅನ್ನುವ ಅರ್ಥದ ಇಂಗ್ಲಿಷ್ ಸಾಲು, ಜೊತೆಗೆ ಎರರ್ 12. ಕೆಳಗೆ ಎರಡು ಸಿನೇಮ್ (ಒಂದು ಹೆಸರನ್ನು ಇನ್ನೊಂದು ವಿಳಾಸಕ್ಕೆ ಕಳಿಸುವ ಸಾಲು) ಕೊಟ್ಟಿದ್ದಾರೆ. ಎರಡನ್ನೂ ಡೊಮೇನ್ ಕಂಪನಿಯ ಡಿಎನ್‌ಎಸ್ ಪುಟದಲ್ಲಿ, ಅಂದರೆ ಹೆಸರು ಯಾವ ಸರ್ವರ್‌ಗೆ ಹೋಗಬೇಕು ಅಂತ ಬರೆಯುವ ಕಡೆ, ಹಾಕಿದ್ದೇನೆ. ನಿನ್ನೆ ರಾತ್ರಿಯಿಂದ ಕಾದೆ. ಬೆಳಿಗ್ಗೆಯೂ ಎರರ್ 12.

ರಾಗಿಮುದ್ದೆ ಕೋಡರ್:

48 ಗಂಟೆ ಕಾಯಿರಿ ಅಣ್ಣ, ಡಿಎನ್‌ಎಸ್ ಹರಡಲು ಟೈಮ್ ಬೇಕು.

ಕುಕ್ಕರಹಳ್ಳಿ ವಾಕರ್:

ತಪ್ಪು ಹಾಕಿದ್ದರೆ 48 ದಿನ ಕಾದರೂ ಅಷ್ಟೇ. ಹೋಸ್ಟ್ ಅನ್ನುವ ಖಾನೆಯಲ್ಲಿ ಏನು ಬರೆದಿದ್ದೀರಿ, ಇದ್ದದ್ದು ಇದ್ದಂತೆ ಹೇಳಿ. ಆ ಪಟ್ಟಿಯಲ್ಲಿ ಮೊದಲೇ ಇದ್ದ ಸಾಲುಗಳು ಏನಾದರೂ ಇವೆಯಾ ಅದನ್ನೂ ಹೇಳಿ.

ಅಚ್ಚುಬೆಲ್ಲ:

ಹೋಸ್ಟ್‌ನಲ್ಲಿ ಪೂರ್ತಿ ವಿಳಾಸ ಬರೆದಿದ್ದೇನೆ ಸರ್, ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಡಾಟ್ ನನ್ನ ಹೆಸರು ಡಾಟ್ ಇನ್ ಅಂತ. ಎರಡನೆಯದಕ್ಕೂ ಹಾಗೇ, ಅವರು ಕೊಟ್ಟ ಕೋಡ್, ಆಮೇಲೆ ಡಾಟ್ ನನ್ನ ಹೆಸರು ಡಾಟ್ ಇನ್. ಪಟ್ಟಿಯಲ್ಲಿ ಮೊದಲೇ ಎರಡು ಸಾಲು ಇದ್ದವು, ಪಾರ್ಕಿಂಗ್ ಅಂತೇನೋ. ಅವನ್ನು ಮುಟ್ಟಿಲ್ಲ.

ಕುಕ್ಕರಹಳ್ಳಿ ವಾಕರ್:

ಸಿಕ್ಕಿತು. ಎರಡು ಕಡೆ ಎಡವಿದ್ದೀರಿ.

ಬಹಳಷ್ಟು ಡೊಮೇನ್ ಕಂಪನಿಗಳು ಹೋಸ್ಟ್ ಖಾನೆಯಲ್ಲಿ ಬರೆದದ್ದರ ಹಿಂದೆ ಡೊಮೇನ್ ಹೆಸರನ್ನು ತಾವೇ ಸೇರಿಸುತ್ತವೆ. ನೀವು ಪೂರ್ತಿ ಬರೆದಿದ್ದರಿಂದ ಅದು ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಡಾಟ್ ನಿಮ್ಮ ಹೆಸರು ಡಾಟ್ ಇನ್ ಡಾಟ್ ನಿಮ್ಮ ಹೆಸರು ಡಾಟ್ ಇನ್ ಆಗಿ ಕೂತಿದೆ. ಅಂಥ ವಿಳಾಸವನ್ನು ಗೂಗಲ್ ಎಲ್ಲಿ ಅಂತ ಹುಡುಕಬೇಕು? ಹೋಸ್ಟ್‌ನಲ್ಲಿ ಬರೀ ಮೂರು ಡಬ್ಲ್ಯೂ ಬರೆಯಿರಿ, ಅದು ಹೋಗಬೇಕಾದ ಜಾಗ ಜಿಎಚ್‌ಎಸ್ ಡಾಟ್ ಗೂಗಲ್ ಡಾಟ್ ಕಾಮ್. ಎರಡನೇ ಸಾಲಿನಲ್ಲಿ ಬರೀ ಕೋಡ್, ಅದು ನಿಮ್ಮೊಬ್ಬರಿಗೇ ಕೊಟ್ಟದ್ದು. ಕಾಪಿ ಮಾಡುವಾಗ ಕೊನೆಯಲ್ಲಿ ಒಂದು ಖಾಲಿ ಜಾಗ ಅಂಟಿಕೊಂಡು ಬರುತ್ತದೆ, ಅದನ್ನು ಅಳಿಸಿ.

ಪಾರ್ಕಿಂಗ್ ಸಾಲುಗಳು ಕಂಪನಿಯವರು ತಮ್ಮ ತಾತ್ಕಾಲಿಕ ಪುಟ ತೋರಿಸಲು ಹಾಕಿದವು, ಅವನ್ನು ಕಿತ್ತುಹಾಕಿ. ಒಂದು ಹೆಸರಿಗೆ ಸಿನೇಮ್ ಇದ್ದರೆ ಅದೇ ಹೆಸರಿಗೆ ಬೇರೆ ರೆಕಾರ್ಡ್ ಇರುವ ಹಾಗಿಲ್ಲ. ಆಮೇಲೆ ಮೂರು ಡಬ್ಲ್ಯೂ ಇಲ್ಲದೆ ಟೈಪ್ ಮಾಡುವವರಿಗಾಗಿ ನಾಲ್ಕು ಎ ರೆಕಾರ್ಡ್ (ಹೆಸರನ್ನು ಸರ್ವರ್‌ನ ಅಂಕಿ ವಿಳಾಸಕ್ಕೆ ಕಳಿಸುವ ಸಾಲು) ಬೇಕು: 216.239.32.21, 216.239.34.21, 216.239.36.21, 216.239.38.21. ಮೂರನೇ ಅಂಕಿ ಎರಡೆರಡು ಏರುತ್ತದೆ ಅಂತ ನೆನಪಿಟ್ಟುಕೊಳ್ಳಿ. ಇವಕ್ಕೆ ಹೋಸ್ಟ್‌ನಲ್ಲಿ @ ಗುರುತು.

ಅಚ್ಚುಬೆಲ್ಲ:

ಸರ್!! ಬಂತು! ಬದಲಿಸಿ ಕಾಫಿ ಕುಡಿದು ಬರುವಷ್ಟರಲ್ಲಿ ಎರರ್ ಹೋಗಿದೆ. ಆದರೆ ತೆರೆದರೆ ‘ಸುರಕ್ಷಿತವಲ್ಲ’ ಅಂತ ತೋರಿಸುತ್ತಿದೆ.

ಕುಕ್ಕರಹಳ್ಳಿ ವಾಕರ್:

ಸೆಟ್ಟಿಂಗ್ಸ್‌ನಲ್ಲಿ ಎಚ್‌ಟಿಟಿಪಿಎಸ್ ಅಂತ ಎರಡು ಗುಂಡಿ ಇವೆ, ಎರಡನ್ನೂ ಆನ್ ಮಾಡಿ. ಇದಕ್ಕೆ ಮಾತ್ರ ಕೋಡರ್ ತಮ್ಮ ಹೇಳಿದ ಹಾಗೆ ಕಾಯಬೇಕು. ಪದೇ ಪದೇ ಆಫ್ ಆನ್ ಮಾಡಬೇಡಿ.

ಅಚ್ಚುಬೆಲ್ಲ:

ಸಂಜೆಗೆ ಬೀಗದ ಗುರುತು ಬಂತು. ಮೊದಲ ಬರಹ ಹಾಕಿದೆ. ಎರಡು ಕಿರಿಕಿರಿ ಉಳಿದಿವೆ. ಬರಹದ ಹೆಸರು ‘ಪಾಕ ಬಂತೆಂದು ಗೊತ್ತಾಗುವುದು ಹೇಗೆ’, ಆದರೆ ಲಿಂಕ್ ಬರೀ ‘ಬ್ಲಾಗ್ ಪೋಸ್ಟ್’ ಅಂತ ಬಂದಿದೆ. ಇನ್ನೊಂದು, ಎರಡನೇ ಬರಹವನ್ನು ಡಿಟಿಪಿ ಅಂಗಡಿಯಲ್ಲಿ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿಸಿದ್ದೆ. ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೆರೆ, ಏನೇನೋ ಕಾಣುತ್ತಿದೆ.

ರಾಗಿಮುದ್ದೆ ಕೋಡರ್:

ಇದು ನನಗೆ ಬಿಡಿ ಅಣ್ಣ. ಶೀರ್ಷಿಕೆ ಕನ್ನಡದಲ್ಲಿದ್ದರೆ ಬ್ಲಾಗರ್‌ಗೆ ಲಿಂಕ್ ಮಾಡಲು ಬರಲ್ಲ, ‘ಬ್ಲಾಗ್ ಪೋಸ್ಟ್’ ಅಂತ ಇಟ್ಟುಬಿಡುತ್ತದೆ. ಪಬ್ಲಿಷ್ ಒತ್ತುವ ಮುಂಚೆ ಬಲಗಡೆ ಪರ್ಮಾಲಿಂಕ್ ಅಂತಿದೆ, ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಬೆಲ್ಲ-ಪಾಕ ಅಂತ ಕೊಡಿ. ವರ್ಡ್‌ಪ್ರೆಸ್‌ನಲ್ಲಿ ಇದರ ಉಲ್ಟಾ ಕಾಟ. ಅದು ಕನ್ನಡವನ್ನೇ ಲಿಂಕ್‌ನಲ್ಲಿ ಇಡುತ್ತದೆ, ವಾಟ್ಸ್ಆ್ಯಪ್‌ಗೆ ಹಾಕಿದಾಗ ಒಂದೊಂದು ಅಕ್ಷರ, ಒಂದೊಂದು ಗುಣಿತದ ಗುರುತೂ ಶೇಕಡಾ ಚಿಹ್ನೆ ತುಂಬಿದ ಒಂಬತ್ತು ಅಕ್ಷರ ಆಗುತ್ತದೆ. ‘ಮೈಸೂರು’ ಅಂತ ಒಂದು ಪದಕ್ಕೆ 54! ಒಟ್ಟು ಲಿಂಕ್‌ಗೆ ಅದು ಇಟ್ಟುಕೊಂಡಿರುವ ಜಾಗವೇ 200. ಉದ್ದ ಶೀರ್ಷಿಕೆ ನಡುವೆಯೇ ತುಂಡಾಗುತ್ತದೆ. ಹೌದು, ನಾನೇ ಹೊಗಳಿದ ವರ್ಡ್‌ಪ್ರೆಸ್‌ದೇ ಕತೆ ಇದು.

ನುಡಿಯ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ (ಎಲ್ಲ ಕಡೆಯೂ ಒಂದೇ ಥರ ಓದಿಸಿಕೊಳ್ಳುವ ಅಕ್ಷರ ಕೋಡ್) ಅಲ್ಲ. ಫಾಂಟ್ ಕನ್ನಡ, ಒಳಗಿರುವುದು ಇಂಗ್ಲಿಷ್ ಕೋಡ್. ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ನಲ್ಲಿ ಹಾಕಿ ತೆಗೆಯಿರಿ, ಆಮೇಲೆ ‘ಸೂರ್ಯ’, ‘ಸರ್ಕಾರ’ ಅಂಥ ಅರ್ಕಾವೊತ್ತಿನ ಪದಗಳನ್ನು ಕಣ್ಣಲ್ಲೇ ನೋಡಿ. ಕೆಡುವುದು ಅಲ್ಲೇ.

ಪುಳಿಯೋಗರೆ ಗೊಜ್ಜು:

ಫೋಟೋ ಚಿಕ್ಕದು ಮಾಡಿ ಹಾಕಿ ಅಂತ ಯಾರಾದರೂ ಹೇಳಿ ಇವರಿಗೆ. ಬರಹ ತೆರೆದೆ, ನಮ್ಮೂರ ನೆಟ್‌ವರ್ಕ್‌ನಲ್ಲಿ ಕೊಪ್ಪರಿಗೆ ಅರ್ಧ ಬರುವಷ್ಟರಲ್ಲಿ ನನ್ನ ಒಗ್ಗರಣೆ ಸೀದು ಹೋಯ್ತು.

ಕುಕ್ಕರಹಳ್ಳಿ ವಾಕರ್:

ಹ್ಹಹ್ಹ. ಮೇಡಂ ಹೇಳಿದ್ದು ಸರಿ. ಕನ್ನಡದ ಒಂದೊಂದು ಅಕ್ಷರಕ್ಕೆ ಮೂರು ಬೈಟ್. ಐದು ಸಾವಿರ ಅಕ್ಷರದ ಬರಹ ಅಂದರೂ ಬರೀ 15 ಕೆಬಿ. ನಿಮ್ಮ ಫೋಟೋ ಒಂದೊಂದೂ 4 ಎಂಬಿ. ಒಂದು ಕೊಪ್ಪರಿಗೆ ಫೋಟೋ ಜಾಗದಲ್ಲಿ 250ಕ್ಕೂ ಜಾಸ್ತಿ ಬರಹ ಹಿಡಿಸುತ್ತವೆ! ಅಗಲ 1,200 ಪಿಕ್ಸೆಲ್‌ಗೆ ಇಳಿಸಿ ಹಾಕಿ, 200 ಕೆಬಿ ಸುತ್ತಮುತ್ತ ಬರುತ್ತದೆ. ಹೊಗೆಯೂ ಕಾಣುತ್ತದೆ, ನೊರೆಯೂ ಕಾಣುತ್ತದೆ.

ಅಚ್ಚುಬೆಲ್ಲ:

ಎಲ್ಲ ಸರಿಮಾಡಿದೆ. ಈ ವರ್ಷದ ಖರ್ಚು ಡೊಮೇನ್ ಒಂದೇ. ರಿನ್ಯೂವಲ್ ತಾರೀಖನ್ನು ಆಲೆಮನೆಯ ಕ್ಯಾಲೆಂಡರ್ ಮೇಲೆ ಕೆಂಪು ಪೆನ್ನಲ್ಲಿ ಗುರುತು ಹಾಕಿದ್ದೇನೆ. ಅಪ್ಪ ಅದನ್ನು ನೋಡಿ ‘ಯಾರ ಸಾಲದ ಕಂತು ಇದು?’ ಅಂತ ಕೇಳಿದರು. ಸರ್, ಅಕ್ಕ, ಕೋಡರ್, ಎಲ್ಲರಿಗೂ ಥ್ಯಾಂಕ್ಸ್. ಮಂಡ್ಯ ಕಡೆ ಬಂದರೆ ಹೇಳಿ, ಬಿಸಿ ಬೆಲ್ಲ ಕಾದಿರುತ್ತದೆ.

ಟಾಂಗಾ ಸ್ಟ್ಯಾಂಡ್ (ಮೈಸೂರು):

ಹಳೇ ಚರ್ಚೆ ಎಬ್ಬಿಸುತ್ತಿದ್ದೇನೆ, ಕ್ಷಮಿಸಿ. ನನಗೂ ಎರರ್ 12. ಎಲ್ಲ ಸರಿಯಾಗೇ ಹಾಕಿದ್ದೇನೆ, ಎರಡು ದಿನದಿಂದ ಕಾಯುತ್ತಿದ್ದೇನೆ. ಏನು ಮಾಡಲಿ?

ಅಚ್ಚುಬೆಲ್ಲ:

ಹೋಸ್ಟ್ ಖಾನೆಯಲ್ಲಿ ಏನು ಬರೆದಿದ್ದೀರಿ, ಇದ್ದದ್ದು ಇದ್ದಂತೆ ಹೇಳಿ ಅಣ್ಣ.