ಕೊಲೆ ಕೇಸಲ್ಲಿ ಪಂಚನಾಗಿ ಸಹಿ ಹಾಕಿದ್ದೇನೆ, ಮುಂದೇನು?

ತುಂಗಾತೀರ:
ಹೋದ ವಾರ ನಮ್ಮ ಬೀದಿಯಲ್ಲಿ ಒಂದು ಕೊಲೆ ಆಯಿತು. ಸ್ಥಳ ಮಹಜರಿಗೆ (ಅಲ್ಲಿ ಕಂಡದ್ದು, ಸಿಕ್ಕಿದ್ದನ್ನು ಪೊಲೀಸರು ಬರೆದುಕೊಳ್ಳೋದು) ಪಂಚರು, ಅಂದರೆ ನೋಡಿ ಸಹಿ ಹಾಕುವ ಸಾಕ್ಷಿಗಳು ಬೇಕು ಅಂತ ನನ್ನನ್ನೂ ಎದುರು ಮನೆಯವರನ್ನೂ ಕರೆದರು. ನೆಲದ ಮೇಲಿದ್ದ ರಕ್ತವನ್ನು ಹತ್ತಿಯಲ್ಲಿ ಒರೆಸಿ ತೆಗೆದುಕೊಂಡರು. ಕಲೆ ಇದ್ದ ಸಿಮೆಂಟ್ ಕೆರೆದರು, ಕಲೆ ಇಲ್ಲದ ಕಡೆಯೂ ಕೆರೆದು ಬೇರೆ ಪೊಟ್ಟಣ ಮಾಡಿದರು. ಪ್ರತಿ ಪೊಟ್ಟಣಕ್ಕೂ ಬಿಳಿ ಬಟ್ಟೆ ಸುತ್ತಿ ಹೊಲಿದು, ಅರಗಿನ ಸೀಲ್ ಒತ್ತಿ, ನಮ್ಮ ಸಹಿ ಇರುವ ಚೀಟಿ ಅಂಟಿಸಿದರು. ಆಮೇಲೆ ಆರೋಪಿ ಸಿಕ್ಕಿದ, ತಪ್ಪೊಪ್ಪಿಕೊಂಡಿದ್ದಾನೆ ಅಂತ ಟಿವಿಯಲ್ಲೂ ಬಂತು. ಅವನೇ ಒಪ್ಪಿಕೊಂಡ ಮೇಲೆ ನಮ್ಮನ್ನು ಕೋರ್ಟಿಗೆ ಕರೀತಾರಾ? ಮನೆಯಲ್ಲಿ "ನಿಮಗ್ಯಾಕೆ ಬೇಕಿತ್ತು ಇದೆಲ್ಲ" ಅಂತ ದಿನಾ ಮಾತು. ಅವನ ಕಡೆಯವರು ಇದೇ ಊರಲ್ಲಿ ಇದ್ದಾರೆ.

ಕರಿಕೋಟು:
ಖಂಡಿತ ಕರೀತಾರೆ ಸರ್. ಸೆಷನ್ಸ್ ಕೋರ್ಟಲ್ಲಿ ಇಂಥ ಕೇಸುಗಳನ್ನು ನಡೆಸುತ್ತೇನೆ, ಹಾಗಾಗಿ ಹೇಳ್ತಿದ್ದೇನೆ. ಪೊಲೀಸರ ಮುಂದೆ ಕೊಟ್ಟ ಸ್ವಇಚ್ಛಾ ಹೇಳಿಕೆ ಅವನ ವಿರುದ್ಧ ಸಾಕ್ಷಿಯೇ ಅಲ್ಲ. ಹಳೇ ಸಾಕ್ಷ್ಯ ಕಾಯ್ದೆಯಲ್ಲಿ ಕಲಂ 25 ಇತ್ತು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 23. ಹೊಡೆದು ಬಡಿದು ಹೇಳಿಸಿದ ಮಾತಿನ ಮೇಲೆ ಯಾರಿಗೂ ಶಿಕ್ಷೆ ಆಗಬಾರದು ಅಂತ ಈ ನಿಯಮ. ಒಂದೇ ಒಂದು ವಿನಾಯಿತಿ ಇದೆ. ಅವನು "ಮಚ್ಚನ್ನು ಇಂಥ ಪೊದೆಯಲ್ಲಿ ಬಿಸಾಕಿದ್ದೇನೆ, ತೋರಿಸುತ್ತೇನೆ" ಅಂದು, ಅಲ್ಲಿ ಮಚ್ಚು ಸಿಕ್ಕರೆ, ಆ ಮಾತಷ್ಟೇ ಲೆಕ್ಕಕ್ಕೆ ಬರುತ್ತದೆ. "ಅದರಿಂದಲೇ ಕೊಂದೆ" ಅನ್ನೋದು ಬರಲ್ಲ. ಕಣ್ಣಾರೆ ಕಂಡವರು ಇಲ್ಲದ ಕೇಸಿನಲ್ಲಿ ಮಹಜರು, ಪೋಸ್ಟ್‌ಮಾರ್ಟಂ ವರದಿ, ಫೋನ್ ಕರೆ ವಿವರ, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಎಲ್ಲ ಸೇರಿಯೇ ಕೊಂಡಿ ಕೂಡಬೇಕು. ಅದರಲ್ಲಿ ಒಂದು ಕೊಂಡಿ ನೀವು.

ನೇತ್ರಾವತಿ_88:
ಸುಮ್ನೆ "ಸಹಿ ಮಾಡಿಸಿಕೊಂಡರು, ಏನು ಬರೆದಿದ್ದರೋ ಗೊತ್ತಿಲ್ಲ" ಅಂದುಬಿಡಿ. ಎಲ್ಲರೂ ಅದನ್ನೇ ಮಾಡೋದು. ಇವತ್ತು ಪೊಲೀಸರು ಇರ್ತಾರೆ, ನಾಳೆ ಆ ಬೀದಿಯಲ್ಲಿ ಓಡಾಡಬೇಕಾದವರು ನೀವು.

ಲ್ಯಾಬ್_ಹುಡುಗಿ:
ದಯವಿಟ್ಟು ಹಾಗೆ ಮಾಡಬೇಡಿ ಅಣ್ಣ. ಕಲೆ ಇಲ್ಲದ ಕಡೆ ಕೆರೆದ ಆ ಪೊಟ್ಟಣ ಯಾಕೆ ಗೊತ್ತಾ? ನೆಲದಲ್ಲೇ ಇರುವ ಯಾವುದೋ ಅಂಶದಿಂದ ಪರೀಕ್ಷೆ ತಪ್ಪಾಗಿಲ್ಲ ಅಂತ ತೋರಿಸೋಕೆ. ಪೊಟ್ಟಣ ಬೆಂಗಳೂರು ಮಡಿವಾಳದ ಎಫ್‌ಎಸ್‌ಎಲ್ ಪ್ರಯೋಗಾಲಯಕ್ಕೋ ಬೇರೆ ಪ್ರಾದೇಶಿಕ ಪ್ರಯೋಗಾಲಯಕ್ಕೋ ಹೋದಾಗ ಮೊದಲು ನೋಡೋದೇ ಸೀಲ್. ಕಳಿಸಿಕೊಟ್ಟ ಮಾದರಿ ಸೀಲ್ ಜೊತೆ ಹೊಂದುತ್ತಾ, ಒಡೆದಿದೆಯಾ ಅಂತ ವರದಿಯಲ್ಲಿ ಬರೀತಾರೆ. ರಕ್ತದ ಬಟ್ಟೆಯನ್ನು ನೆರಳಲ್ಲಿ ಒಣಗಿಸದೆ ಪ್ಲಾಸ್ಟಿಕ್ ಕವರಿಗೆ ತುಂಬಿದರೆ ಬೂಸು ಹಿಡಿದು ಡಿಎನ್‌ಎ ಹಾಳಾಗುತ್ತದೆ. ಇಷ್ಟೆಲ್ಲ ಜಾಗ್ರತೆ ಮಾಡಿ ಡಿಎನ್‌ಎ ಬಂದರೂ, ಆ ರಕ್ತ ಇದೇ ನೆಲದಿಂದ ತೆಗೆದದ್ದು ಅಂತ ನಾವು ಹೇಳೋಕೆ ಆಗಲ್ಲ. ನೋಡಿದವರು ನೀವು.

ಕರಿಕೋಟು:
@ನೇತ್ರಾವತಿ_88, ಹೆದರಿಕೆ ಅರ್ಥವಾಗುತ್ತದೆ, ಆದರೆ ಸಲಹೆ ತಪ್ಪು. ಉಲ್ಟಾ ಹೊಡೆದರೆ ಸರ್ಕಾರಿ ವಕೀಲರೇ ಪಾಟೀಸವಾಲು ಮಾಡುತ್ತಾರೆ. ಪ್ರಮಾಣ ಮಾಡಿ ಸುಳ್ಳು ಹೇಳೋದೇ ಒಂದು ಅಪರಾಧ. ಬೆದರಿಕೆ ಬಂದರೆ ದಾರಿ ಇದೆ. 2018ರ ಸಾಕ್ಷಿ ರಕ್ಷಣಾ ಯೋಜನೆಯನ್ನು ಸುಪ್ರೀಂ ಕೋರ್ಟ್ ಒಪ್ಪಿದೆ, ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಕೊಡಬಹುದು. ಫೋನಲ್ಲಿ ಬೆದರಿಸಿದರೆ ನಂಬರು, ಸಮಯ ಬರೆದಿಡಿ.

ತುಂಗಾತೀರ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಇನ್ನೊಂದು ವಿಷಯ. ಇವತ್ತು ಠಾಣೆಯಿಂದ ಫೋನ್ ಬಂತು. ಮಚ್ಚು ಸಿಕ್ಕಿದೆ, ಮಹಜರು ಬರೆದಾಗಿದೆ, ಬಂದು ಒಂದು ಸಹಿ ಹಾಕಿ ಹೋಗಿ ಅಂದರು. ನಾನು ಆ ಜಾಗಕ್ಕೆ ಹೋಗಿಯೇ ಇಲ್ಲ.

ಕರಿಕೋಟು:
ಹಾಕಬೇಡಿ. ಕೊಲೆ ಮಾಡಿದವನು ತಪ್ಪಿಸಿಕೊಳ್ಳೋದು ಜಾಸ್ತಿ ಇಂಥ ಕಡೆಯೇ. ಆರೋಪಿ ಪರ ವಕೀಲರ ಮೊದಲ ಪ್ರಶ್ನೆ "ಎಲ್ಲಿ ಸಹಿ ಹಾಕಿದಿರಿ?" ಅಂತಲೇ ಇರುತ್ತದೆ. "ಠಾಣೆಯಲ್ಲಿ" ಅಂದ ಕೂಡಲೇ ಆ ಮಚ್ಚಿನ ಸಾಕ್ಷ್ಯ ಬಿದ್ದಂತೆ. ಮೊದಲ ಮಹಜರಿನಲ್ಲಿ ನೀವು ನಿಜ ಹೇಳಿದರೂ ಅನುಮಾನ ಬರುತ್ತದೆ. ಈಗ ಜಪ್ತಿ ಮಾಡುವಾಗ, ಪಂಚರು ಸಹಿ ಹಾಕುವಾಗ ವಿಡಿಯೋ ಮಾಡಲೇಬೇಕು, ಹಳೇ ಸಿಆರ್‌ಪಿಸಿ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105. ಆ ವಿಡಿಯೋದಲ್ಲಿ ನೀವು ಇರೋದಿಲ್ಲ ಅಲ್ವಾ? ತನಿಖಾಧಿಕಾರಿಗೇ ನೇರವಾಗಿ ಹೇಳಿ: ನಾನು ಅಲ್ಲಿ ಇರಲಿಲ್ಲ, ಇದ್ದವರ ಸಹಿ ತೆಗೆದುಕೊಳ್ಳಿ, ಸ್ಥಳ ಮಹಜರಿನ ಬಗ್ಗೆ ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ. ಒತ್ತಾಯ ಮಾಡಿದರೆ ನನಗೆ ಮೆಸೇಜ್ ಹಾಕಿ, ಎಸ್‌ಪಿ ಕಚೇರಿಗೆ ಬರೆಯಲು ಕೂತು ಸಹಾಯ ಮಾಡುತ್ತೇನೆ.