ಬೋರ್ ನೀರಿಗೆ ಸ್ವೋರ್ಡ್‌ಟೇಲ್ ಬದುಕುತ್ತಾ?

ಕೇಳಿದವರು, ವಿಜಯಪುರ: ಎರಡಡಿ ಟ್ಯಾಂಕಿಗೆ ಎರಡು ಗಂಡು, ಎರಡು ಹೆಣ್ಣು ಸ್ವೋರ್ಡ್‌ಟೇಲ್ ಮೀನು ತಂದು ಹದಿನೈದು ದಿನ ಆಯಿತು. ನಮ್ಮ ಬೋರ್ ನೀರು ಗಡಸು, ಸುಣ್ಣ ಜಾಸ್ತಿ ಅಂತ ಸುಣ್ಣ ಸೋಸಿದ ಆರ್‌ಓ ನೀರಿನ ಕ್ಯಾನ್ ತರಿಸಿ ಹಾಕುತ್ತಿದ್ದೇನೆ. ಆದರೂ ಮೀನು ರೆಕ್ಕೆ ಮುದುರಿಕೊಂಡು ನಿಂತಲ್ಲೇ ನಡುಗುತ್ತವೆ. ಒಂದು ಗಂಡಂತೂ ಇನ್ನೊಂದನ್ನು ಮೂಲೆ ಬಿಟ್ಟು ಕದಲೋಕೆ ಬಿಡಲ್ಲ. ಬೇಸಿಗೆ ಬೇರೆ ಬಂತು. ಏನು ಮಾಡಲಿ?

ವಿಜಯಪುರದಿಂದಲೇ: ಕ್ಯಾನ್ ನೀರೇ ತೊಂದರೆ ರೀ. ಇವು ಮೆಕ್ಸಿಕೋ ಕಡೆಯ ಮೀನು, ಗಡಸು ನೀರೇ ಬೇಕು. ಪಿಎಚ್ (ಹುಳಿ-ಕ್ಷಾರದ ಅಳತೆ) 7ರಿಂದ 8ರ ತನಕ ಆರಾಮ. ನಾನೂ ಮೊದಲು ಇದೇ ತಪ್ಪು ಮಾಡಿ ಮೂರು ಮೀನು ಕಳೆದುಕೊಂಡೆ. ಹಾಗಂತ ಒಮ್ಮೆಗೇ ಬೋರ್ ನೀರು ಸುರಿಯಬೇಡಿ. ದಿನಕ್ಕೆ ಒಂದೆರಡು ಮಗ್ ತೆಗೆದು ಅಷ್ಟೇ ಹಾಕಿ, ಎರಡು ವಾರ ಹಿಡಿಯಲಿ. ಕ್ಯಾನ್ ನೀರನ್ನೂ ಚೆಲ್ಲಬೇಡಿ. ನಮ್ಮ ಬಿಸಿಲಿಗೆ ಟ್ಯಾಂಕಿನ ನೀರು ಬೇಗ ಆವಿಯಾಗಿ ಆರುತ್ತೆ, ಗಾಜಿನ ಮೇಲೆ ಬಿಳಿ ಗೆರೆ ಬಿದ್ದಿರುತ್ತೆ ನೋಡಿ. ಆರುವುದು ನೀರು ಮಾತ್ರ, ಸುಣ್ಣ ಅಲ್ಲೇ ಉಳಿಯುತ್ತೆ. ಅದಕ್ಕೆ ಆರಿದಷ್ಟು ತುಂಬಲು ಕ್ಯಾನ್ ನೀರು, ವಾರಕ್ಕೊಮ್ಮೆ ಕಾಲುಭಾಗ ಬದಲಿಸಲು ಬೋರ್ ನೀರು.

ಬಾಗಲಕೋಟೆಯಿಂದ: ಮುಚ್ಚಳ ಇದೆಯಾ ಮೊದಲು ಹೇಳಿ. ಹೋದ ಮೇ ತಿಂಗಳು ನೀರು ತಣ್ಣಗಾಗಲಿ ಅಂತ ರಾತ್ರಿ ಗಾಜಿನ ಮುಚ್ಚಳ ತೆಗೆದಿಟ್ಟೆ. ಬೆಳಿಗ್ಗೆ ದೊಡ್ಡ ಕೆಂಪು ಗಂಡು ಟಿವಿ ಸ್ಟ್ಯಾಂಡ್ ಹಿಂದೆ ಬಿದ್ದಿತ್ತು, ಬಾಲದ ಕತ್ತಿಯ ತುದಿ ತನಕ ಇರುವೆ ಸಾಲು. ಈಗ ಕಿಟಕಿಯ ಸೊಳ್ಳೆ ಜಾಲರಿ ಕತ್ತರಿಸಿ ಕ್ಲಿಪ್ ಹಾಕಿದ್ದೇನೆ. ಮೇಲಿಂದ ಟೇಬಲ್ ಫ್ಯಾನ್ ಬಿಟ್ಟರೆ ನೀರಿನ ಬಿಸಿ ಎರಡು ಮೂರು ಡಿಗ್ರಿ ಇಳಿಯುತ್ತೆ. ಐಸ್ ಮಾತ್ರ ಹಾಕಬೇಡಿ. ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ, ಕರೆಂಟ್ ಹೋದರೆ ಮೀನು ಮೇಲೆ ಬಂದು ಬಾಯಿ ತೆರೆಯುತ್ತವೆ. ಬ್ಯಾಟರಿ ಏರ್ ಪಂಪ್ ಒಂದು ಇರಲಿ.

ಬೆಳಗಾವಿಯಿಂದ: ನಮ್ಮದು ಉಲ್ಟಾ, ಡಿಸೆಂಬರ್‌ನಲ್ಲಿ ಹೀಟರ್ ಬೇಕು. 24 ಡಿಗ್ರಿಗೆ ಇಡುತ್ತೇನೆ. ಜಗಳಕ್ಕೆ ಮದ್ದು ಒಂದೇ: ಒಂದು ಗಂಡನ್ನು ಅಂಗಡಿಗೆ ವಾಪಸ್ ಕೊಡಿ, ಇನ್ನೊಂದು ಹೆಣ್ಣು ತನ್ನಿ. ಒಂದು ಗಂಡಿಗೆ ಮೂರು ಹೆಣ್ಣು ಇದ್ದರೆ ಹೆಣ್ಣಿಗೂ ಕಾಟ ತಪ್ಪುತ್ತೆ. ಆಮೇಲೆ ಮರಿ ಬಗ್ಗೆ ಚಿಂತೆ ಶುರು, ಅಲ್ವಾ! ಇವು ಮೊಟ್ಟೆ ಇಡಲ್ಲ, ಸುಮಾರು ತಿಂಗಳಿಗೊಮ್ಮೆ ಮರಿನೇ ಹಾಕುತ್ತವೆ. ನಮ್ಮದೊಂದು ಹೆಣ್ಣು ಮತ್ತೆ ಗಂಡಿನ ಮುಖ ನೋಡದೆಯೇ ಎರಡು ಸಲ ಮರಿ ಹಾಕಿತು, ಹಿಂದಿನ ವೀರ್ಯ ಒಳಗೇ ಕೂಡಿಟ್ಟುಕೊಂಡಿರುತ್ತೆ. ಮರಿಗಳನ್ನು ಹೆತ್ತ ತಾಯಿಯೇ ತಿಂದುಬಿಡುತ್ತೆ, ಅವು ಅಡಗೋಕೆ ಪಾಚಿಗಿಡ ದಟ್ಟವಾಗಿ ಹಾಕಿ. ಹೆಣ್ಣು ಬೇಕಿದ್ದರೆ ಡಬ್ಬ ತಗೊಂಡು ಬನ್ನಿ, ನಮ್ಮಲ್ಲಿ ಇಡೋಕೆ ಜಾಗ ಇಲ್ಲ.