ಸಕಲೇಶಪುರದ ಹಳೇ ಬಂಗಲೆ: ಕಟ್ಟಿದ ವರ್ಷ ತಿಳಿಯೋದು ಹೇಗೆ, ಸಿಮೆಂಟ್ ಹಚ್ಚಬಹುದಾ?

ಹಾನುಬಾಳು ತೋಟ:
ನಮಸ್ಕಾರ. ನಮ್ಮ ತಾತ ಒಬ್ಬ ಇಂಗ್ಲಿಷ್ ದೊರೆಯಿಂದ ಕೊಂಡ ಕಾಫಿ ತೋಟದಲ್ಲಿ ಬಂಗಲೆ ಇದೆ. ವಿಕ್ಟೋರಿಯಾ ರಾಣಿ ಕಾಲದ್ದು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ, ಆದರೆ ಪತ್ರದಲ್ಲಿ ವರ್ಷ ಇಲ್ಲ. ಎತ್ತರದ ಪಾಯ, ಮೂರು ಕಡೆ ವರಾಂಡ, ಹಾಲ್‌ನಲ್ಲಿ ಬೆಂಕಿಗೂಡು, ಅಡುಗೆಮನೆ ಹಿಂದೆ ಬೇರೆ ಕಟ್ಟಡ. ಸೋರುತ್ತಿದ್ದ ಕಡೆ ಹೆಂಚು ಇಳಿಸಿದರೆ ಹಿಂಬದಿಯಲ್ಲಿ ಬಾಸೆಲ್ ಮಿಷನ್, 1865 ಅಂತ ಅಚ್ಚಿದೆ. ಹಾಗಾದರೆ ಮನೆ 1865ರದ್ದೇ? ಗೋಡೆಯ ಗಾರೆ ಉದುರುತ್ತಿದೆ, ಮೇಸ್ತ್ರಿ ಪೂರ್ತಿ ಕಿತ್ತು ಸಿಮೆಂಟ್ ಹಚ್ಚೋಣ ಅನ್ನುತ್ತಿದ್ದಾರೆ.

ಮೂಡಿಗೆರೆ ಓದುಗ:
1865 ಅಂದರೆ ಮಂಗಳೂರಿನ ಜೆಪ್ಪುವಿನಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನ ಹೆಂಚಿನ ಕಾರ್ಖಾನೆ ಶುರುವಾದ ವರ್ಷ, ನಿಮ್ಮ ಮನೆಯದ್ದಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಆ ಕಾರ್ಖಾನೆ ಮಿಷನ್ ಕೈತಪ್ಪಿ ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಅನ್ನೋ ಬ್ರಿಟಿಷ್ ಕಂಪನಿ ಪಾಲಾಯಿತು, ಹಾಗಾಗಿ ಹೆಂಚು ಅದಕ್ಕೂ ಮುಂಚಿನದು ಅನ್ನಬಹುದು, ಅಷ್ಟೇ. ಮನೆ ಅದಕ್ಕಿಂತ ಹಳೆಯದೂ ಇರಬಹುದು, ಯಾಕಂದರೆ ಹುಲ್ಲಿನ ಮಾಡು ತೆಗೆದು ಆಮೇಲೆ ಹೆಂಚು ಹೊದಿಸಿದ್ದೂ ಉಂಟು. ಬಾಗಿಲು, ಹೆಂಚು ಹೊರುವ ಪಕಾಸುಗಳ ಮೊಳೆ ನೋಡಿ. ಕಮ್ಮಾರ ಬಡಿದ ಚೌಕ ಮೊಳೆ ಇದ್ದರೆ ಹಳೇ ಕೆಲಸ, ಉರುಟು ತಂತಿ ಮೊಳೆ ಜಾಸ್ತಿ ಬಳಕೆಗೆ ಬಂದದ್ದು 19ನೇ ಶತಮಾನದ ಕೊನೆಯಲ್ಲಿ. ಆ ಕಾಲಕ್ಕೆ ಮಂಗಳೂರಿಂದ ಇಲ್ಲಿಗೆ ರೈಲೂ ಇರಲಿಲ್ಲ, ಹಾಸನ-ಮಂಗಳೂರು ಮಾರ್ಗ ಮುಗಿದದ್ದೇ 1979ರಲ್ಲಿ. ಅಷ್ಟೂ ಹೆಂಚು ಗಾಡಿಯಲ್ಲಿ ಘಟ್ಟ ಹತ್ತಿದ್ದು ನೆನೆದರೆ ಒಂದನ್ನೂ ಒಡೆಯಲು ಮನಸ್ಸು ಬರೋದಿಲ್ಲ.

ಗಾರೆ ಕೆಲಸ, ಹಾಸನ:
ಸಿಮೆಂಟ್ ಬೇಡ. ದಯವಿಟ್ಟು ಬೇಡ. ಕಲ್ಲು, ಮಣ್ಣು, ಸುಣ್ಣದ ಗೋಡೆ ನೀರು ಹೀರಿಕೊಂಡು ಬಿಸಿಲಿಗೆ ಹೊರಬಿಡುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಉಪ್ಪು ಒಡೆಯುತ್ತದೆ, ಸ್ವಲ್ಪ ಕಾಲಕ್ಕೆ ಸಿಮೆಂಟ್ ಹಪ್ಪಳವಾಗಿ ಎದ್ದು ಬರುವಾಗ ಹಳೇ ಗೋಡೆಯ ಮುಖವನ್ನೂ ಕಿತ್ತುಕೊಂಡೇ ಬರುತ್ತದೆ. ಸಕಲೇಶಪುರದ ಮಳೆಗೆ ಇದು ಇನ್ನೂ ಜಾಸ್ತಿ. ಮೊಳೆಯಿಂದ ಗೀರಿ ನೋಡಿ, ಗಟ್ಟಿ ಇರುವ ಗಾರೆ ಮುಟ್ಟಬೇಡಿ, ಪೊಳ್ಳಾದದ್ದು ಮಾತ್ರ ತೆಗೆಯಿರಿ. ಸುಣ್ಣವನ್ನು ವಾರಗಟ್ಟಲೆ ನೆನೆಹಾಕಿ ಮರಳು ಬೆರೆಸಬೇಕು, ಹಳಬರು ಬೆಲ್ಲದ ನೀರು, ಅಳಲೆಕಾಯಿ ನೀರೂ ಸೇರಿಸುತ್ತಿದ್ದರು. ನಮ್ಮ ಶೆಟ್ಟಿಹಳ್ಳಿ ಚರ್ಚ್ ನೋಡಿದ್ದೀರಲ್ವಾ, 1860ರ ದಶಕದ್ದು, ಸುಣ್ಣದ ಗಾರೆ. ಹೇಮಾವತಿ ಹಿನ್ನೀರಲ್ಲಿ ವರ್ಷ ವರ್ಷ ಮುಳುಗಿ ಏಳುತ್ತಾ ಎಷ್ಟು ಕಾಲ ನಿಂತಿತು!

ಹಾನುಬಾಳು ತೋಟ:
ಮೇಸ್ತ್ರಿಗೆ ಇವತ್ತೇ ತಡೆ ಹೇಳಿದೆ. ಈಗ ಮೊಳೆ ಕಿತ್ತು ನೋಡಿದೆ, ದೊಡ್ಡ ಬಾಗಿಲಿನವು ಚೌಕ, ವರಾಂಡದ ಪಕಾಸಿನವು ಉರುಟು. ವರಾಂಡ ಆಮೇಲೆ ಸೇರಿಸಿದ್ದಿರಬಹುದಾ?

ಮೂಡಿಗೆರೆ ಓದುಗ:
ಸಾಧ್ಯ ಇದೆ. ವರಾಂಡದ ಗೋಡೆ ಒಳಗೋಡೆಗೆ ಸೇರುವ ಕಡೆ ಸಂದು ಕೆದಕಿ ನೋಡಿ. ಕಲ್ಲು ಒಂದರೊಳಗೊಂದು ಹೆಣೆದಿದ್ದರೆ ಒಟ್ಟಿಗೇ ಕಟ್ಟಿದ್ದು, ನೇರ ಸಂದು ಬಂದರೆ ಆಮೇಲಿನದು. ಫೋಟೋ ಹಾಕಿ.

ಗಾರೆ ಕೆಲಸ, ಹಾಸನ:
ಕೆದಕಿದ ಸಂದನ್ನು ಮಳೆಗೆ ಮುಂಚೆ ಸುಣ್ಣದಿಂದಲೇ ಮುಚ್ಚಿಬಿಡಿ. ದೊಡ್ಡ ಕೆಲಸಕ್ಕೆ ಮಳೆ ಕಳೆದ ಮೇಲೆ ಕೈ ಹಾಕಿ, ತೇವದಲ್ಲಿ ಸುಣ್ಣ ಬೇಗ ಗಟ್ಟಿಯಾಗೋದಿಲ್ಲ.